ಹಳೇ ಇಂಜಿನ್ನಿಗೆ ಕಾರಿನ ಮೀಟರು

ಇಂಜಿನ್ ನಿಂತುಹೋಗಿದ್ದು ಅಮ್ಮನಿಗೆ ಗೊತ್ತೇ ಆಗಿರಲಿಲ್ಲ.

ನಾನಾಗ ಫೆರ್ರಿಯ ಟಿಕೆಟ್ ಕಿಟಕಿಯಲ್ಲಿ ಕೂತಿದ್ದೆ. ಮತ್ಸುಯಾಮ ನಗರದಲ್ಲಿ ಡಿಗ್ರಿ ಮುಗಿಸಿ ದ್ವೀಪಕ್ಕೆ ವಾಪಸಾದ ಮೇಲೆ ಸಿಕ್ಕ ಕೆಲಸ ಅದು. ಗಾಜಿನ ಹಿಂದೆ ಕೂರುವುದು, ಹೆಚ್ಚು ಮಾತಾಡುವ ಅಗತ್ಯವಿಲ್ಲ, ನನಗೆ ಒಗ್ಗಿತ್ತು. ಬೆಳಗಿನ ಫೆರ್ರಿ ಬಿಟ್ಟೂ ಬಿಡದೆ ಹಾರ್ನ್ ಹೊಡೆಯತೊಡಗಿದಾಗ ತಲೆಯೆತ್ತಿ ನೋಡಿದೆ. ಅದರ ದಾರಿಗೆ ಅಡ್ಡಲಾಗಿ ನಮ್ಮ ದೋಣಿ. ಸೆಳೆತಕ್ಕೆ ಸಿಕ್ಕಿ, ಮೂತಿ ತಿರುಗಿ, ತೊಗಟೆಯ ಹಾಗೆ ತೇಲುತ್ತಿತ್ತು. ಹಿಂಬದಿಯಲ್ಲಿ ಅಮ್ಮ ಇಂಜಿನ್ನಿನ ಹಿಡಿಯನ್ನು ತಿರುವುತ್ತ ನೆಟ್ಟಗೆ ಕೂತಿದ್ದಳು, ದೋಣಿ ಯಾಕೆ ಮಾತು ಕೇಳುತ್ತಿಲ್ಲವೆಂದು ಯೋಚಿಸುವವಳಂತೆ. ಮುಂದೆ ನಿಂತ ಅಪ್ಪ ಎರಡೂ ಕೈ ಎತ್ತಿ ಕೂಗುತ್ತಿದ್ದ. ಫೆರ್ರಿ ಕೊನೇ ಗಳಿಗೆಯಲ್ಲಿ ಸುತ್ತು ಹಾಕಿ ತಪ್ಪಿಸಿಕೊಂಡು ಬಂತು. ಆಮೇಲೆ ಅಪ್ಪ ಮೀನಿನ ಪೆಟ್ಟಿಗೆಗಳನ್ನು ದಾಟಿ ಹಿಂದಕ್ಕೆ ಬಂದು, ಅಮ್ಮನನ್ನು ಪಕ್ಕಕ್ಕೆ ಸರಿಸಿ, ಹಗ್ಗ ಎಳೆದು ಇಂಜಿನ್ ಶುರು ಮಾಡಿದ. ದೋಣಿಯಲ್ಲಿ ಅಪ್ಪ ಹಿಂಬದಿಗೆ ಬಂದಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಫೆರ್ರಿಯ ಕ್ಯಾಪ್ಟನ್ ಟೋಪಿ ತೆಗೆದು ಕಿಟಕಿಗೆ ಬಂದರು. “ಚಿಗುಸ, ನಿಮ್ಮಮ್ಮ ನಿದ್ದೆ ಮಾಡ್ತಿದ್ಲೇನಮ್ಮ?”

“ಇಲ್ಲ,” ಅಂದೆ.

“ಕಣ್ಣು ಬಿಟ್ಕೊಂಡೇ ಇದ್ಲು. ನಂಗೆ ಅದೇ ಹೆದ್ರಿಕೆ ಆಗಿದ್ದು.”

ಜಾಗ ಬದಲಿಸುವಾಗ ಅಮ್ಮ ಇಂಜಿನ್ನನ್ನು ಸಣ್ಣಗೆ ಇಟ್ಟಿದ್ದಳು. ಅದು ಹಾಗೇ ಆರಿಹೋಗಿತ್ತು. ಹಿಡಿಯಲ್ಲಿ ನಡುಕ ನಿಂತಿದ್ದು ತಿಳಿಯಲಿಲ್ಲವೇ ಎಂದು ಆಮೇಲೆ ಕೇಳಿದೆ. ಸೆಳೆತವೂ ಹಿಡಿಯನ್ನು ನಡುಗಿಸುತ್ತದೆ, ರಬ್ಬರ್ ಗ್ಲೌಸಿನೊಳಗೆ ಕೈ ಬೇರೆ ಮರಗಟ್ಟಿತ್ತು ಎಂದಳು. ಅಲ್ಲಿಗೆ ವಿಷಯ ಬಯಲಾಯಿತು. ಅವಳ ಕಿವಿ ಮಂದವಾಗುತ್ತಿರುವುದು ನಮಗೆ ಗೊತ್ತಿತ್ತು; ಇಷ್ಟಾಗಿದೆಯೆಂದು ಗೊತ್ತಿರಲಿಲ್ಲ. ಅವಳು ಗೊತ್ತಾಗಗೊಟ್ಟಿರಲಿಲ್ಲ.

ನಮ್ಮ ದ್ವೀಪಕ್ಕೂ ಎದುರಿನ ದ್ವೀಪಕ್ಕೂ ನಡುವಿನ ಕಡಲು ಹೊಳೆಯ ಹಾಗೆ ಓಡುತ್ತದೆ, ಒಮ್ಮೆ ಆ ಕಡೆಗೆ, ಒಮ್ಮೆ ಈ ಕಡೆಗೆ. ಮೆಬಾರು ಮೀನು ಇರುವುದು ತಳದ ಬಂಡೆಗಳ ಸಂದಿಯಲ್ಲಿ. ಅಲ್ಲಿ ಲಂಗರು ಬಿಟ್ಟರೆ ಕಲ್ಲಿಗೆ ಸಿಕ್ಕಿ ಹೋಯಿತೆಂದೇ ಲೆಕ್ಕ. ಹಾಗಾಗಿ ದೋಣಿಯ ಮೂತಿಯನ್ನು ನೀರಿನ ಓಟಕ್ಕೆ ಎದುರಾಗಿ ಹಿಡಿದು, ನೀರು ಎಷ್ಟು ಹಿಂದಕ್ಕೆ ತಳ್ಳುತ್ತದೋ ಇಂಜಿನ್ನೂ ಅಷ್ಟೇ ಮುಂದಕ್ಕೆ ತಳ್ಳುವಂತೆ ಇಟ್ಟುಕೊಂಡು, ಓಡುತ್ತಲೇ ನಿಂತಲ್ಲಿ ನಿಲ್ಲಬೇಕು. ಗಾಳದ ದಾರ ನೆಟ್ಟಗೆ ಇಳಿಯುವುದು ಆಗ ಮಾತ್ರ. ಮುಂದೆ ನಿಂತು ದಾರ ಹಿಡಿಯುವವನು ಗಂಡ, ಹಿಂದೆ ಕೂತು ದೋಣಿ ನಿಲ್ಲಿಸುವವಳು ಹೆಂಡತಿ. ಅಜ್ಜಿಯ ಕಾಲಕ್ಕೆ ಅದು ಹುಟ್ಟು, ಅಮ್ಮನ ಕಾಲಕ್ಕೆ ಇಂಜಿನ್. ಇಲ್ಲಿ ಹುಡುಗಿ ನೋಡಲು ಬಂದವರು ಮೊದಲು ಕೇಳುತ್ತಿದ್ದದ್ದು ಅಡುಗೆಯನ್ನಲ್ಲ, ದೋಣಿ ನಿಲ್ಲಿಸುತ್ತಾಳಾ ಎಂದು.

ಅಮ್ಮನ ಕಣ್ಣು ಬೆಟ್ಟಗಳ ಮೇಲಿರುತ್ತದೆ. ಎದುರಿಗೆ ಗುಡಿಯ ಪೈನ್ ಮರ ಕಲ್ಲುಗಣಿಯ ಬಿಳಿ ಗೀರಿನ ಮೇಲೆ ಕೂರಬೇಕು. ಬಲಕ್ಕೆ, ಐಸ್ ಕಾರ್ಖಾನೆಯ ತಗಡಿನ ಮಾಡಿನ ಹಿಂದಿನಿಂದ ವಿದ್ಯುತ್ ಗೋಪುರ ಅರ್ಧ ಮಾತ್ರ ಇಣುಕಬೇಕು. ಎರಡೂ ಕೂಡಿದ ಕಡೆ, ಕೆಳಗೆ ಬಂಡೆ. ಕಣ್ಣು ಅಲ್ಲಿರುವಾಗ ಇಂಜಿನ್ನನ್ನು ನೋಡಿಕೊಳ್ಳಬೇಕಾದದ್ದು ಕಿವಿ. ಅಪ್ಪ ಬೆನ್ನು ಹಾಕಿ ನಿಂತಿರುತ್ತಾನೆ. ಬೆರಳಲ್ಲಿ ದಾರದ ಓರೆ ಗೊತ್ತಾದ ಕೂಡಲೇ ತಿರುಗದೆಯೇ ಕೂಗುತ್ತಾನೆ: “ಓಯ್, ಚೂರು ಏರಿಸು.” “ಓಯ್, ಇಳಿಸು.” ಮನೆಯಲ್ಲಿ ಅವರು ಒಬ್ಬರನ್ನೊಬ್ಬರು ಕರೆಯುವುದು ‘ಅಪ್ಪಾ’, ‘ಅಮ್ಮಾ’ ಎಂದೇ, ನಾನು ಹುಟ್ಟಿದಂದಿನಿಂದ. ದೋಣಿಯಲ್ಲಿ ಮಾತ್ರ ಅವಳು ಓಯ್.

ಕಿವಿಗೆ ಹಾಕುವ ಮಷಿನ್ ತಂದಿದ್ದಾಯಿತು. ಗಾಳಿ, ನೀರು, ಇಂಜಿನ್, ಗಂಡ ಎಲ್ಲ ಒಂದೇ ಗದ್ದಲವಾಗಿ ಕೇಳಿಸುತ್ತದೆಂದು ಅಮ್ಮ ಅದನ್ನು ಚಹಾದ ಡಬ್ಬಿಯಲ್ಲಿ ಹಾಕಿಟ್ಟಳು.

ಒಂದು ದಿನ ಊಟಕ್ಕೆ ಕೂತಾಗ ಅಪ್ಪ ಬಟ್ಟಲು ನೋಡುತ್ತಲೇ ಹೇಳಿದ: “ಹುಣ್ಣಿಮೆ ಉಬ್ಬರಕ್ಕೆ ನೊಬುತಾಕನ್ನ ಬರಕ್ಕೆ ಹೇಳಿದೀನಿ.”

ನೊಬುತಾಕ ದೊಡ್ಡಪ್ಪನ ಮಗ, ನಲವತ್ತು ದಾಟಿದವನು, ಯಾವ ದೋಣಿಗೆ ಆಳು ಕಡಿಮೆಯಾದರೂ ಹೋಗುವವನು. ಹುಣ್ಣಿಮೆಯ ಉಬ್ಬರದಲ್ಲಿ ನೀರು ಅತಿ ಜೋರು.

“ಏನಂದ?” ಅಮ್ಮ ನನ್ನನ್ನು ಕೇಳಿದಳು.

ನಾನು ಹೇಳಲಿಲ್ಲ. ಅಪ್ಪನೇ ಗಟ್ಟಿಯಾಗಿ, ಇನ್ನೂ ಗಟ್ಟಿಯಾಗಿ ಹೇಳಿದ. ಮೂರನೇ ಸಲಕ್ಕೆ ಅದು ಪಕ್ಕದ ಮನೆಗೂ ಕೇಳಿಸಿರಬೇಕು. ಕೂಗಿ ಹೇಳಿದರೆ ಯಾವ ಮಾತಾದರೂ ಬೈಗುಳದ ಹಾಗೇ ಆಗುತ್ತದೆ. ಅಪ್ಪನ ಮನಸ್ಸಿನಲ್ಲಿ ಫೆರ್ರಿಯ ಭಯವಿದ್ದಿರಬಹುದು. ಬಾಯಿಂದ ಬಂದದ್ದು ಮಾತ್ರ ‘ನಿನ್ನ ಕೈಲಿ ಆಗಲ್ಲ’ ಎಂದೇ.

“ನಾನು ಮನೇಲಿ ಕೂತು ಏನು ಮಾಡ್ಲಿ? ಗೋಡೆ ನಿಲ್ಲಿಸ್ಲಾ?” ಅಂದಳು ಅಮ್ಮ.

ನನ್ನ ದನಿ ಚಿಕ್ಕಂದಿನಿಂದಲೂ ಸಣ್ಣದು. ಶಾಲೆಯಲ್ಲಿ ಟೀಚರು, ಟಿಕೆಟ್ ಕಿಟಕಿಯಲ್ಲಿ ಪ್ರಯಾಣಿಕರು ಎಲ್ಲರೂ “ಆಂ?” ಅನ್ನುತ್ತಿದ್ದರು. ಅನ್ನದೇ ಇದ್ದವಳು ಅಮ್ಮ ಒಬ್ಬಳೇ. ಈಗ ಅವಳೇ ಹೆಚ್ಚು ಸಲ ಅನ್ನುತ್ತಾಳೆ. ಕೂಗಲು ನನಗೆ ಬರುವುದಿಲ್ಲ. ಕಿವಿಯನ್ನು ದಾಟಿ ಅವಳನ್ನು ತಲುಪುವ ಬೇರೆ ದಾರಿ ಇದೆಯೇ ಎಂದು ಟಿಕೆಟ್ ಹರಿದು ಕೊಡುತ್ತ ಯೋಚಿಸುತ್ತಿದ್ದೆ. ಫೆರ್ರಿಯಿಂದ ಇಳಿದ ಒಂದು ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ಎಷ್ಟು ಸುತ್ತುತ್ತಿದೆಯೆಂದು ತೋರಿಸುವ ಮುಳ್ಳು ಸಣ್ಣಗೆ ಅಲ್ಲಾಡುತ್ತಿದ್ದದ್ದು ಕಂಡಿತು. ಚಾಲಕ ಪೆಡಲ್ ಒತ್ತಿದ. ಸದ್ದು ಏರಿತು, ಮುಳ್ಳೂ ಏರಿತು. ಸದ್ದನ್ನು ಕಣ್ಣಿಂದ ನೋಡಬಹುದಲ್ಲ ಅನ್ನಿಸಿತು.

ಇವಾಕಿ ಅವರ ವರ್ಕ್‌ಶಾಪಿನ ಹಿಂದೆ ಕೆಟ್ಟ ಕಾರುಗಳ ಗುಡ್ಡೆಯೇ ಇದೆ. ದ್ವೀಪಕ್ಕೆ ಬಂದ ಕಾರು ಇಲ್ಲೇ ಸಾಯುವುದು; ಗುಜರಿಯನ್ನು ಹಡಗಿಗೆ ಹೇರಿ ಕಳಿಸುವವರಿಲ್ಲ.

“ಆರ್‌ಪಿಎಂ ಮೀಟರ್ ಬೇಕಿತ್ತು,” ಅಂದೆ.

“ಏನಂದೆ? ನಿನ್ನ ಮಾತು ಕೇಳಕ್ಕೆ ನಂಗೂ ಒಂದು ಮಷಿನ್ ಬೇಕು ಕಣಮ್ಮ.”

ಮತ್ತೆ ಹೇಳಿದೆ. ದೋಣಿಗೆ ಅಂದೆ.

“ದೋಣಿಗಾ? ನಿಮ್ಮಪ್ಪ ತೊಕುಜೊ ಅಣ್ಣನ ಆ ಹಳೇ ಎರಡು ಸಿಲಿಂಡರಿನದಕ್ಕಾ?” ಇವಾಕಿ ನಕ್ಕರು. “ಅದು ಕೆಮ್ಮೋದು ಎಷ್ಟು ಸಲ ಅಂತ ಎಣಿಸ್ತೀಯಾ?” ನಗುತ್ತಲೇ ಒಂದು ಸಣ್ಣ ಕಾರಿನೊಳಗೆ ತೂರಿಕೊಂಡು, ಡ್ಯಾಶ್‌ಬೋರ್ಡಿನ ಮೇಲೆ ಬೇರೆಯಾಗಿ ಕೂರಿಸಿದ್ದ ದುಂಡನೆಯ ಮೀಟರೊಂದನ್ನು ಕಿತ್ತು ತಂದರು. ಯಾವನೋ ಹುಡುಗ ತನ್ನ ಡಬ್ಬಾ ಕಾರನ್ನು ರೇಸಿನ ಕಾರು ಮಾಡಲು ಹೊರಟಿದ್ದನಂತೆ. “ತಗೋ. ಇಂಜಿನ್ನಿನ ಪ್ಲಗ್ಗಿಗೆ ಹೋಗೋ ತಂತಿಗೆ ಮಾತ್ರ ಕಟ್ಟಬೇಡ, ಸುಟ್ಟು ಹೋಗತ್ತೆ. ಬ್ಯಾಟರಿ ಚಾರ್ಜ್ ಮಾಡೋ ಕಾಯಿಲ್ ಇರತ್ತಲ್ಲ, ಅಲ್ಲಿಂದ ತಗೋ.”

ರಜೆಯ ದಿನ ಅಮ್ಮನೂ ನಾನೂ ದೋಣಿಯಲ್ಲಿ ಕೂತು ಇಂಜಿನ್ನಿನ ಮುಚ್ಚಳ ತೆಗೆದೆವು. ಮೇಲಿನ ದೊಡ್ಡ ಚಕ್ರದ ಒಳಗೆ ಅಯಸ್ಕಾಂತಗಳು. ಅವು ತಿರುಗುವಾಗ ಕಾಯಿಲ್ ಕರೆಂಟನ್ನು ಮಿಡಿತ ಮಿಡಿತವಾಗಿ ಕಳಿಸುತ್ತದೆ. ಮೀಟರು ಎಣಿಸುವುದು ಆ ಮಿಡಿತಗಳನ್ನು. ಕೆಂಪು ತಂತಿ ಬ್ಯಾಟರಿಗೆ, ಕಪ್ಪು ಇಂಜಿನ್ನಿನ ಮೈಗೆ, ಹಸಿರು ಕಾಯಿಲಿಗೆ. ಹಿಂದಿನ ಸಣ್ಣ ಗುಂಡಿಯಲ್ಲಿ ನಾಲ್ಕು, ಆರು, ಎಂಟು ಸಿಲಿಂಡರ್ ಎಂದಿತ್ತು. ನಾಲ್ಕಕ್ಕೆ ಇಟ್ಟೆ. ಕಾರಿನ ಮೀಟರಿಗೆ ಉಪ್ಪುನೀರು ಆಗದೆಂದು ಅದನ್ನು ಉಪ್ಪಿನಕಾಯಿ ಹಾಕುವ ಪಾರದರ್ಶಕ ಡಬ್ಬಿಯೊಳಗೆ ಕೂರಿಸಿ, ಗಾಜು ಬೆವರದಿರಲೆಂದು ನೋರಿ ಕಡಲಪಾಚಿಯ ಪೊಟ್ಟಣದಲ್ಲಿ ಬರುವ ತೇವ ಹೀರುವ ಪುಡಿಯ ಚೀಲಗಳನ್ನು ತುಂಬಿ, ಮುಚ್ಚಳಕ್ಕೆ ಅಂಟು ಬಳಿದೆ. ಡಬ್ಬಿಯನ್ನು ಅಮ್ಮನ ಮೊಣಕಾಲ ಪಕ್ಕ ಸ್ಕ್ರೂ ಮಾಡಿದೆ. ತಂತಿ ಅಷ್ಟು ದೂರಕ್ಕೇ ಸಾಲುತ್ತಿತ್ತು.

ಅಮ್ಮ ಹಗ್ಗ ಎಳೆದಳು. ಇಂಜಿನ್ ಗುರ್ ಎಂದಿತು. ಮುಳ್ಳು ಎದ್ದು ಮೂರು ಸಾವಿರದ ಹತ್ತಿರ ಹೋಗಿ ನಿಂತಿತು.

ಕಟ್ಟೆಯ ಮೇಲೆ ದಾರ ಬಿಡಿಸುತ್ತ ಕೂತಿದ್ದ ಅಪ್ಪ ಬಗ್ಗಿ ನೋಡಿದ. “ಅಬ್ಬ! ಕಟ್ಟಿ ಹಾಕಿದ ದೋಣೀಲೇ ಒಸಾಕಾ ಮುಟ್ಟೋ ಹಾಗಿದೀರಲ್ಲ ತಾಯಿ ಮಗಳು!”

ಮಂದಗತಿಯಲ್ಲಿ ಆ ಇಂಜಿನ್ ಮಾಡುವುದು ಒಂಬೈನೂರರ ಆಸುಪಾಸು. ನಾಲ್ಕು ಸಿಲಿಂಡರಿನ ಕಾರಿನಲ್ಲಿ ಒಂದು ಸುತ್ತಿಗೆ ಎರಡೇ ಮಿಡಿತ ಬರುತ್ತದೆ. ನಮ್ಮ ಚಕ್ರ ಆರು ಕಳಿಸುತ್ತಿತ್ತು. ಮೀಟರು ಮೂರು ಪಟ್ಟು ಹೇಳುತ್ತಿದೆ. ಗುಂಡಿಯನ್ನು ಎಂಟಕ್ಕೆ ತಿರುಗಿಸಿದೆ. ಮುಳ್ಳು ಇಳಿಯಿತು, ಆದರೂ ಒಂದೂವರೆ ಪಟ್ಟು. ಎಂಟರ ಆಚೆಗೆ ಗುಂಡಿಯಲ್ಲಿ ಜಾಗವಿರಲಿಲ್ಲ. ನನಗೆ ಅಳು ಬಂದಂತಾಯಿತು.

ಅಮ್ಮನ ಕಿವಿಯ ಹತ್ತಿರ ಬಾಯಿಟ್ಟು ಹೇಳಿದೆ: “ಇದು ಸುಳ್ಳು ಹೇಳತ್ತೆ ಅಮ್ಮ. ಒಂದೂವರೆ ಪಟ್ಟು ಜಾಸ್ತಿ.”

ಅಮ್ಮ ಯೋಚಿಸಿದಳು. “ದಿನಾ ಒಂದೇ ಸುಳ್ಳಾ, ದಿನಕ್ಕೊಂದು ಸುಳ್ಳಾ?”

“ದಿನಾ ಒಂದೇ.”

“ಹಾಗಾದ್ರೆ ಸಾಕು ಬಿಡು. ನಿಮ್ಮಪ್ಪನೂ ಹಾಗೇ. ಅದಕ್ಕೇ ಇಷ್ಟು ವರ್ಷ ಸಂಸಾರ ಮಾಡಕ್ಕಾಗಿದ್ದು.”

ಮರುದಿನ ಬೆಳಕು ಹರಿಯುವಾಗ ನಾನೂ ದೋಣಿ ಹತ್ತಿದೆ. ಹುಣ್ಣಿಮೆಗೆ ಇನ್ನೂ ವಾರವಿತ್ತು, ನೀರು ಸಾಧಾರಣ. ಗುಡಿಯ ಪೈನ್ ಮರ ಬಿಳಿ ಗೀರಿನ ಮೇಲೆ ಕೂತಿತು, ಗೋಪುರ ಅರ್ಧ ಇಣುಕಿತು. ಅಪ್ಪ ಸೀಸದ ಗುಂಡು ಇಳಿಸಿದ. ಅಮ್ಮ ಮುಳ್ಳನ್ನು ಎರಡೂವರೆ ಸಾವಿರಕ್ಕೆ ತಂದು ನಿಲ್ಲಿಸಿ ನನ್ನ ಕಡೆ ನೋಡಿದಳು. ಅವಳ ಮುಖದಲ್ಲಿದ್ದ ಸಂತೋಷಕ್ಕೆ ನನಗೆ ನಾಚಿಕೆಯೇ ಆಯಿತು. ಮತ್ತೆ ಮುಳ್ಳಿನ ಕಡೆ ಬಗ್ಗಿದಳು. ಬಗ್ಗಿಯೇ ಇದ್ದಳು.

ಮುಳ್ಳು ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಅಲ್ಲಾಡಿದ್ದು ನೀರು. ಉಬ್ಬರ ಮೆತ್ತಗಾಗುತ್ತ ಬಂದಿತ್ತು; ದೋಣಿ ನಿಧಾನಕ್ಕೆ ಮುಂದೆ ಸರಿಯುತ್ತಿತ್ತು. ಪೈನ್ ಮರ ಬಿಳಿ ಗೀರನ್ನು ದಾಟಿತು. ಗೋಪುರ ಪೂರ್ತಿ ಹೊರಗೆ ಬಂತು. ಅಮ್ಮ ಅವುಗಳನ್ನು ನೋಡಲೇ ಇಲ್ಲ. ಅಷ್ಟು ವರ್ಷ ಬೆಟ್ಟಗಳ ಮೇಲಿಟ್ಟ ಕಣ್ಣನ್ನು ನಾನು ಮೊಣಕಾಲ ಪಕ್ಕಕ್ಕೆ ಇಳಿಸಿಬಿಟ್ಟಿದ್ದೆ.

“ಓಯ್! ಇಳಿಸು!” ಅಪ್ಪ ಕೂಗಿದ. “ಇಳಿಸು ಅಂದೆ! ಓಯ್!”

ನಾನು ಅಮ್ಮನ ತೋಳು ಹಿಡಿಯುವಷ್ಟರಲ್ಲಿ ಗಾಳ ಬಂಡೆಯ ಆಚೆ ಬದಿಗೆ ಸಿಕ್ಕಿತು. ದಾರ ಸರ್ರನೆ ಅಪ್ಪನ ಬೆರಳ ನಡುವೆ ಹರಿದು ಹೋಯಿತು. ಅಪ್ಪ ತುಂಡಾದ ದಾರವನ್ನೂ ರಕ್ತ ಒಸರುವ ಬೆರಳನ್ನೂ ನೋಡಿಕೊಂಡ. ತಿರುಗಲಿಲ್ಲ. ಬೆನ್ನು ಹಾಕಿಕೊಂಡೇ ಹೇಳಿದ: “ಮೊದ್ಲು ಕಿವಿ ಇರ್ಲಿಲ್ಲ. ಈಗ ಕಣ್ಣೂ ಹೋಯ್ತು.”

ಅಮ್ಮನಿಗೆ ಅದು ಕೇಳಿಸಲಿಲ್ಲ. “ಏನಂದ?” ಎಂದು ನನ್ನನ್ನು ಕೇಳಿದಳು. “ಬೆರಳು ಕೊಯ್ತು ಅಂದ,” ಎಂದೆ.

ಮನೆಗೆ ಬಂದು ನಾನು ಸ್ಕ್ರೂ ಡ್ರೈವರ್ ಎತ್ತಿಕೊಂಡೆ, ಬಿಚ್ಚಿ ವಾಪಸು ಕೊಟ್ಟುಬಿಡೋಣವೆಂದು. ಅಮ್ಮ ಅದನ್ನು ಕೈಯಿಂದ ಕಸಿದುಕೊಂಡಳು.

“ಯಾಕೆ ಬಿಚ್ತೀಯ? ಅದು ತನ್ನ ಕೆಲ್ಸ ಸರಿಯಾಗೇ ಮಾಡ್ತು. ಕೂರಿಸಿದ ಜಾಗ ಸರಿ ಇಲ್ಲ. ಎಲ್ಲಿ ನೋಡ್ತೀನೋ ಅಲ್ಲಿರ್ಬೇಕು ತಾನೇ?”

“ನೀನು ಬೆಟ್ಟ ನೋಡ್ತೀಯ ಅಮ್ಮ. ಬೆಟ್ಟಕ್ಕೆ ಹೇಗೆ ಕಟ್ಲಿ?”

“ಬೆಟ್ಟಕ್ಕೂ ನಂಗೂ ಮಧ್ಯೆ ಏನಿದೆ ಹೇಳು.”

“ನೀರು,” ಅಂದೆ.

“ನಿಮ್ಮಪ್ಪನ ಬೆನ್ನು ಕಣೇ! ಮದುವೆಯಾದಾಗಿಂದ ಅದನ್ನೇ ನೋಡ್ತಿದೀನಿ. ಅದರ ಪಕ್ಕಕ್ಕೆ ಕಟ್ಟು.”

ಉದ್ದನೆಯ ತಂತಿ ತಂದು, ದೋಣಿಯ ಅಂಚಿನ ಒಳಗಿನಿಂದ ಎಳೆದು, ಅಪ್ಪ ನಿಲ್ಲುವ ಜಾಗದ ಎಡಕ್ಕೆ ಒಂದು ಬಿದಿರಿನ ಗೂಟ ನಿಲ್ಲಿಸಿ, ಅವನ ಸೊಂಟದ ಮಟ್ಟಕ್ಕೆ ಡಬ್ಬಿ ಕಟ್ಟಿದೆ. ಹಿಂಬದಿಯಲ್ಲಿ ಕೂತು ನೋಡಿದರೆ ಮುಳ್ಳು, ಅದರ ಮೇಲೆ ದೂರದ ಪೈನ್ ಮರ, ಪಕ್ಕದಲ್ಲಿ ಅಪ್ಪನ ಬೆನ್ನು ಬರುವ ಜಾಗ. ಕಣ್ಣು ಇಳಿಸಬೇಕಿರಲಿಲ್ಲ. ಆದರೆ ಅಷ್ಟು ದೂರಕ್ಕೆ ಅಂಕಿಗಳು ಕಾಣಲಿಲ್ಲ.

“ಅಂಕಿ ಯಾರಿಗೆ ಬೇಕು?” ಅಂದಳು ಅಮ್ಮ. “ನಿನ್ನ ಹತ್ರ ಉಗುರಿನ ಬಣ್ಣ ಇದೆಯಲ್ಲ, ಹಚ್ಚಿಕೊಳ್ಳದೇ ಇಟ್ಟಿರೋದು, ಅದನ್ನ ತಾ.”

ತಂದೆ. ಯಾವ ಸದ್ದಿಗೆ ಎಲ್ಲಿ ಚುಕ್ಕೆ ಇಡಬೇಕೆಂದು ಮಾತ್ರ ನಮ್ಮಿಬ್ಬರಿಗೂ ತಿಳಿಯದು. ಅದು ತಿಳಿದಿದ್ದ ಎರಡು ಕಿವಿಗಳಲ್ಲಿ ಅಮ್ಮನದು ಮಂಕಾಗಿತ್ತು, ಅಪ್ಪನದು ಕಟ್ಟೆಯ ಮೇಲೆ ಬೆರಳಿಗೆ ಪಟ್ಟಿ ಸುತ್ತಿಕೊಂಡು, ನಮ್ಮ ಕಡೆ ನೋಡದೆ ಗಾಳ ಕಟ್ಟುತ್ತಿತ್ತು. ಅಮ್ಮ ನನಗೆ ಕಣ್ಣು ಹೊಡೆದಳು. ದೋಣಿಯನ್ನು ಕಟ್ಟೆಗೆ ಬಿಗಿದು ಇಂಜಿನ್ನನ್ನು ಗೇರಿಗೆ ಹಾಕಿ ಬೇಕಂತಲೇ ಅಡ್ಡಾದಿಡ್ಡಿ ಏರಿಸಿ ಇಳಿಸತೊಡಗಿದಳು. ಅಪ್ಪನಿಗೆ ತಪ್ಪು ಸದ್ದು ತಡೆಯಲಾಗುವುದಿಲ್ಲ.

“ಏನದು ಕಿರುಚಾಟ?”

“ಹುಣ್ಣಿಮೆ ನೀರು,” ಅಂದಳು ಅಮ್ಮ, ಅವನ ತುಟಿ ನೋಡಿಕೊಂಡು.

“ಹುಣ್ಣಿಮೆ ನೀರಂತೆ! ಅದರಲ್ಲಿ ದೋಣಿ ಹಿಂದೆ ಹೋಗಿ ಫೆರ್ರಿ ಕಟ್ಟೆಗೆ ಬಡಿಯತ್ತೆ. ಏರಿಸು. ಇನ್ನೂ. ಇನ್ನೊಂಚೂರು… ಹಾಂ. ಅದು.”

ನಾನು ಗಾಜಿನ ಮೇಲೆ ಚುಕ್ಕೆ ಇಟ್ಟೆ.

“ಅಷ್ಟಮಿ ನೀರು?” ಅಮ್ಮ ಕೇಳಿದಳು.

“ಇಳಿಸು. ಇಳಿಸು. ಅಷ್ಟಲ್ಲ, ಗಂಟಲು ಒಣಗಿದ ಹಾಗಾಯ್ತು. ಹೂಂ, ಅಲ್ಲಿ.” ಆಮೇಲೆ ನನ್ನ ಕೈಯಲ್ಲಿ ಉಗುರಿನ ಬಣ್ಣ ಕಂಡು ಗಾಳ ಕೆಳಗಿಟ್ಟ. “ನನ್ನ ಹತ್ರ ಕೆಲ್ಸ ಮಾಡಿಸ್ಕೊಳ್ತಿದೀರಾ?”

“ಇನ್ನೆರಡು ಬಾಕಿ ಇದೆ ಅಪ್ಪಾ,” ಅಂದೆ. ಅವನು ಗೊಣಗುತ್ತಲೇ ಅವೆರಡನ್ನೂ ಹೇಳಿದ. ನಾಲ್ಕು ಚುಕ್ಕೆ, ಕೆಳಗಿನಿಂದ ಮೇಲಕ್ಕೆ, ಗುಲಾಬಿ ಬಣ್ಣದವು. ಆ ಮೀಟರಿನಲ್ಲಿ ಈಗ ಕಾರಿನದೇನೂ ಉಳಿದಿರಲಿಲ್ಲ. ಅಪ್ಪನ ಕಿವಿಯೇ ಅಲ್ಲಿ ಚುಕ್ಕೆಯಾಗಿ ಕೂತಿತ್ತು.

ಅಮ್ಮ ಕಟ್ಟೆ ಹತ್ತಿ ಅವನ ಎದುರು ನಿಂತಳು. “ನೋಡು ಅಪ್ಪಾ. ಇದುವರೆಗೆ ನೀನು ಚೂರು ಅಂದ್ರೆ ಎಷ್ಟು ಚೂರು ಅಂತ ಕಿವಿಗೆ ಗೊತ್ತಾಗ್ತಿತ್ತು. ಇನ್ನು ಆಗಲ್ಲ. ಕೂಗಬೇಡ. ಬೆರಳು ತೋರ್ಸು. ಒಂದು ತೋರ್ಸಿದ್ರೆ ಒಂದನೇ ಚುಕ್ಕೆ, ಎರಡು ತೋರ್ಸಿದ್ರೆ ಎರಡನೇದು.”

“ದಾರ ಹಿಡ್ಕೊಂಡು ನಿನ್ನ ಕಡೆ ತಿರುಗಿ ಕುಣೀಲಾ?”

“ತಿರುಗು ಅಂದವರ್ಯಾರು? ಬಲಗೈಲಿ ದಾರ ಹಿಡೀತೀಯ. ಎಡಗೈ ಬೆನ್ನ ಹಿಂದೆ ಇಡು. ಅದಕ್ಕಂತೂ ಮದುವೆಯಾದಾಗಿಂದ ಯಾವ ಕೆಲಸಾನೂ ಇಲ್ಲ.”

“ನಾನೇನು ಕಂಡಕ್ಟರಾ?” ಎಂದ ಅಪ್ಪ. ಎದ್ದು ಹೋದ. ಸರಿ ಎನ್ನಲಿಲ್ಲ. ನೊಬುತಾಕನಿಗೆ ಬರಬೇಡವೆಂದೂ ಹೇಳಲಿಲ್ಲ.

ಹುಣ್ಣಿಮೆಯ ಬೆಳಿಗ್ಗೆ ನೊಬುತಾಕ ಉದ್ದ ಬೂಟು ಹಾಕಿಕೊಂಡು, ಡಬ್ಬಿ ಕಾಫಿ ಹೀರುತ್ತ ಕಟ್ಟೆಗೆ ಬಂದ. ಅಷ್ಟರಲ್ಲಿ ಅಮ್ಮ ಹಿಂಬದಿಯಲ್ಲಿ ಕೂತಾಗಿತ್ತು. ಹೊಸ ಗ್ಲೌಸ್ ಹಾಕಿದ್ದಳು.

“ಚಿಕ್ಕಮ್ಮಾ, ಇವತ್ತು ಅಲ್ಲಿ ನಾನಂತೆ,” ಅಂದ ಅವನು, ಮುಜುಗರದಿಂದ.

“ಆಂ?”

“ನಾನು ಕೂರ್ಬೇಕಂತೆ ಅಲ್ಲಿ!”

“ಕೇಳಿಸ್ತಿಲ್ಲಪ್ಪ. ನಂಗೆ ಕಿವಿ ಹೋಗಿದೆ ಅಂತ ನಿಮ್ಮ ಚಿಕ್ಕಪ್ಪ ಊರಿಗೆಲ್ಲ ಸಾರಿದಾನಲ್ಲ, ನಿಂಗೆ ಹೇಳ್ಲಿಲ್ವಾ?”

ನೊಬುತಾಕ ಅಪ್ಪನ ಮುಖ ನೋಡಿದ. ಅಪ್ಪ ಕಟ್ಟೆಯ ಹಗ್ಗ ಬಿಚ್ಚುತ್ತಿದ್ದವನು ಅಮ್ಮನನ್ನು ನೋಡಿದ, ಬಿದಿರಿನ ಗೂಟವನ್ನು ನೋಡಿದ, ನನ್ನನ್ನೂ ನೋಡಿದ. ಅವಳನ್ನು ಹೊತ್ತು ಇಳಿಸುವ ಹಾಗಿರಲಿಲ್ಲ.

“ನೊಬು, ಇವತ್ತೊಂದಿನ ಬಿಡು. ನಾಳೆ ಬಾ.”

ನಾಳೆ ಬಾ ಅಂದರೆ ಇವತ್ತು ಪರೀಕ್ಷೆ ಎಂಬುದು ಎಲ್ಲರಿಗೂ ಅರ್ಥವಾಯಿತು, ಅಮ್ಮನಿಗೂ. ಅದನ್ನು ಅವನು ಕೂಗಿ ಹೇಳಿರಲಿಲ್ಲ, ಆದರೂ.

ನೀರು ಕುದಿಯುವ ಹಾಗಿತ್ತು. ಎರಡು ದ್ವೀಪಗಳ ನಡುವೆ ಸುಳಿಗಳು ಎದ್ದು ಬಿಚ್ಚಿಕೊಳ್ಳುತ್ತಿದ್ದವು. ಅಮ್ಮ ಮೂತಿಯನ್ನು ಓಟಕ್ಕೆ ಎದುರು ಹಿಡಿದು, ನಾಲ್ಕನೇ ಚುಕ್ಕೆಗೆ ಮುಳ್ಳು ತಂದು, ಪೈನ್ ಮರವನ್ನು ಬಿಳಿ ಗೀರಿನ ಮೇಲೆ ಕೂರಿಸಿದಳು. ಅಪ್ಪ ಗುಂಡು ಇಳಿಸಿದ. ಬಲಗೈಯಲ್ಲಿ ದಾರ, ಎಡಗೈ ಸೊಂಟದ ಪಟ್ಟಿಯ ಮೇಲೆ, ಮುಷ್ಟಿ ಕಟ್ಟಿಕೊಂಡು. ನಾನು ನಡುವೆ ಮೀನಿನ ಪೆಟ್ಟಿಗೆಯ ಮೇಲೆ ಕೂತಿದ್ದೆ. ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಕಳೆದ ಬೆಳಗುಗಳೆಷ್ಟಿರಬಹುದು ಅನ್ನಿಸಿತು.

ಮೊದಲ ಮೀನು ಬಂತು, ಎರಡನೆಯದು ಬಂತು. ಮೆಬಾರುವಿನ ಕಣ್ಣು ಯಾವಾಗಲೂ ಬೆಚ್ಚಿಬಿದ್ದ ಹಾಗೇ ಇರುತ್ತದೆ. ಆಮೇಲೆ ಓಟ ತುಸು ಸಡಿಲಾಯಿತು. ನನಗದು ಗೊತ್ತಾಗಲಿಲ್ಲ, ಗೊತ್ತಾಗಿದ್ದು ಅಪ್ಪನ ಹೆಗಲಿನಿಂದ. ಅದು ಬಿಗಿಯಿತು. ಕೂಗಲು ಎದೆ ಉಬ್ಬಿಸಿದ. “ಓ…” ಎಂಬಷ್ಟು ಹೊರಬಂತು. ಅಲ್ಲಿಗೆ ನಿಂತಿತು.

ಎಡಗೈ ಸೊಂಟದಿಂದ ಬೆನ್ನ ಹಿಂದಕ್ಕೆ ಬಂತು. ಮೂರು ಬೆರಳು ಬಿಚ್ಚಿಕೊಂಡವು.

ಅಮ್ಮ ಹಿಡಿ ತಿರುವಿದಳು. ಮುಳ್ಳು ಇಳಿದು ಮೂರನೇ ಚುಕ್ಕೆಯ ಮೇಲೆ ಕೂತಿತು. ಅಪ್ಪನಿಗೆ ಅದು ಕೇಳಿಸಿತು. ಹೆಗಲು ಸಡಿಲಾಯಿತು, ಬೆರಳುಗಳು ಮಡಚಿಕೊಂಡವು. ಅವನ ಕಿವಿ, ಅವಳ ಕಣ್ಣು, ನಡುವೆ ಉಪ್ಪಿನಕಾಯಿ ಡಬ್ಬಿಯೊಳಗಿನ ಮುಳ್ಳು. ಯಾರೂ ಕೂಗಲಿಲ್ಲ. ದೋಣಿಯಲ್ಲಿ ಅಷ್ಟು ಮೆತ್ತಗೆ ಮಾತು ನಡೆಯಬಹುದೆಂದು ನನಗೆ ಗೊತ್ತಿರಲಿಲ್ಲ.

ಎರಡು ಬೆರಳು. ಮತ್ತೆ ಮೂರು. ಒಮ್ಮೆ ಎರಡು ತೋರಿಸಿ, ಒಂದನ್ನು ಅರ್ಧ ಮಡಚಿದ. “ಅರ್ಧ ಚುಕ್ಕೆ ಬೇಕಂತೆ ಮಹಾರಾಯನಿಗೆ,” ಎಂದು ಅಮ್ಮ ಗೊಣಗಿ, ಮುಳ್ಳನ್ನು ಎರಡರ ಕೆಳಗೆ ನಿಲ್ಲಿಸಿದಳು. ಇನ್ನೊಮ್ಮೆ ಅಂಗೈಯನ್ನು ಬಟ್ಟಲಿನ ಹಾಗೆ ಮಾಡಿ ಅಲ್ಲಾಡಿಸಿದ. ಅಮ್ಮ ಗಾಬರಿಯಾಗಿ ನನ್ನನ್ನು ಕೇಳಿದಳು: “ಇದು ಯಾವ ಚುಕ್ಕೆ?”

ನಾನು ಫ್ಲಾಸ್ಕಿನಿಂದ ಬಾರ್ಲಿ ಚಹಾ ಬಗ್ಗಿಸಿ ಆ ಅಂಗೈಗೆ ಕೊಟ್ಟೆ.

ಪೆಟ್ಟಿಗೆ ತುಂಬುತ್ತ ಬಂದಾಗ ಅಪ್ಪ ದಾರವನ್ನು ಗೂಟಕ್ಕೆ ಸುತ್ತಿ, ಜೇಬಿನಿಂದ ಫೋನ್ ತೆಗೆದ. ಗಾಳಿಗೆ ಅಡ್ಡವಾಗಿ ಕೈ ಹಿಡಿದು ಮಾತಾಡಿದ. “ಹಾಂ, ನೊಬು. ನಾಳೆ ಬರ್ಬೇಡ. … ಇಲ್ಲ, ಮೀನಿದೆ, ಮೀನು ಚೆನ್ನಾಗೇ ಇದೆ. … ಹಿಂದುಗಡೆ ಜಾಗ ಇಲ್ಲ ಕಣೋ.” ಆಮೇಲೆ, “ಯಾವಾಗ್ಲೂ ಇಲ್ಲ,” ಎಂದ.

“ಯಾರ ಹತ್ರ ಮಾತಾಡ್ತಿದಾನೆ?” ಅಮ್ಮ ಕೇಳಿದಳು. ಅವಳು ಕೇಳಿದ್ದು ನನ್ನನ್ನು. ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಅಪ್ಪನೇ ಪೂರ್ತಿ ತಿರುಗಿದ. ಬೆಳಕು ಅವನ ಮುಖಕ್ಕೆ ಬಿತ್ತು. ದಡದಲ್ಲಿ ನಿಂತವರೊಡನೆ ಮಾತಾಡುವವನ ಹಾಗೆ, ನಿಧಾನವಾಗಿ, ತುಟಿ ಕಾಣುವಂತೆ ಹೇಳಿದ: “ನೊಬುಗೆ. ಬರ್ಬೇಡ ಅಂದೆ.”

ಅಮ್ಮ ಒಂದು ಕ್ಷಣ ಅವನನ್ನೇ ನೋಡಿದಳು. ಗ್ಲೌಸಿನ ಹಿಂಬದಿಯಿಂದ ಮೂಗು ಒರೆಸಿಕೊಂಡಳು. ಆಮೇಲೆ ಬೆಟ್ಟಗಳ ಕಡೆ ಕಣ್ಣೆತ್ತಿ ಅಂದಳು: “ಸರಿ, ಹಾಗಾದ್ರೆ ಈ ಕಡೆ ಯಾಕೆ ನಿಂತಿದೀಯ? ಪೈನ್ ಮರಕ್ಕೆ ಅಡ್ಡ ಆಗ್ತಿದೀಯ, ಸರಿ ಆ ಕಡೆ.”